ಸಿಪ್ಯಾಪ್ ಕೊಳವೆಗೆ ಬೆಕ್ಕಿನ ಹಲ್ಲು

ಮಳೆಗಾಲದ ಮಲೆನಾಡಿನಲ್ಲಿ ಬೆಕ್ಕನ್ನು ಹುಡುಕುವುದು ಕಷ್ಟವಲ್ಲ. ಬಚ್ಚಲೊಲೆಯ ಬಳಿ ಇರುತ್ತದೆ, ಇಲ್ಲದಿದ್ದರೆ ಯಾರದಾದರೂ ಕಂಬಳಿಯೊಳಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಅಡಿಕೆ ಚೀಲ, ಭತ್ತ ಇರುವಷ್ಟು ದಿನ ಇಲಿ ಇರುತ್ತದೆ, ಇಲಿ ಇರುವಷ್ಟು ದಿನ ಬೆಕ್ಕೂ ಬೇಕು. ಈಗ ಕೆಲವರ ಮಂಚದ ಪಕ್ಕ ಬೆಕ್ಕಿಗೆ ಪ್ರಿಯವಾಗುವ ಇನ್ನೊಂದು ವಸ್ತು ಬಂದು ಕೂತಿದೆ: ಗೊರಕೆಯ ಕಾಯಿಲೆಗೆ ವೈದ್ಯರು ಬರೆದುಕೊಡುವ ಸಿಪ್ಯಾಪ್ ಯಂತ್ರ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅದಕ್ಕೆ ಆಪ್ನಿಯಾ ಎನ್ನುತ್ತಾರೆ. ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 30 ಸಲ ದಾಟಿದರೆ ಕಾಯಿಲೆ ತೀವ್ರ ಎಂದು ಲೆಕ್ಕ. ಯಂತ್ರದೊಳಗಿನ ಫ್ಯಾನ್ ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಕೊಳವೆಯ ಮೂಲಕ ಮಾಸ್ಕ್‌ಗೆ ತಳ್ಳುತ್ತದೆ. ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. 10 ಸೆಂಟಿಮೀಟರ್ ಎಂದರೆ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಗಂಟಲು ಮುಚ್ಚದಂತೆ ಹಿಡಿದಿಡಲು ಅಷ್ಟು ಸಾಕು.

ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಸಿಡ್ನಿಯಲ್ಲಿ ಇದನ್ನು ಮೊದಲು ರೋಗಿಯ ಮೇಲೆ ಪ್ರಯೋಗಿಸಿ, ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದಕ್ಕೆ ಮೊದಲು ಅವರು ನಾಯಿಗಳ ನಿದ್ದೆಯ ಉಸಿರಾಟವನ್ನು ಅಧ್ಯಯನ ಮಾಡಿದ್ದರು; ನಾಯಿಯ ಮೂತಿಗೆಂದು ಮಾಡಿದ ಮಾಸ್ಕ್‌ನ ಅನುಭವ ಇಲ್ಲಿ ನೆರವಾಯಿತು. ನಾಯಿಯ ಉಪಕಾರದಿಂದ ಹುಟ್ಟಿದ ಯಂತ್ರಕ್ಕೆ ಬೆಕ್ಕಿನ ಕಾಟ!

ಕಾಟಕ್ಕೆ ಕಾರಣ ಬೆಕ್ಕಿನ ಮೈಯಲ್ಲೇ ಇದೆ. ಅದಕ್ಕೆ ಹಿತವೆನಿಸುವುದು 30ರಿಂದ 38 ಡಿಗ್ರಿ ಸೆಲ್ಸಿಯಸ್. ಹುಲಿಕಲ್, ಆಗುಂಬೆಯ ಜಡಿಮಳೆಯಲ್ಲಿ ಕೋಣೆ ಅಷ್ಟು ಬಿಸಿ ಇರುವುದಿಲ್ಲ. ಬಿಸಿ ತಂತಿ ಇರುವ ಕೊಳವೆ ಮಾತ್ರ 30 ಡಿಗ್ರಿಯವರೆಗೂ ಬೆಚ್ಚಗಿರುತ್ತದೆ. ಮೇಲಾಗಿ ಬೆಕ್ಕು ಮುಂಜಾನೆ, ಮುಸ್ಸಂಜೆಯ ಬೇಟೆಗಾರ. ನೀವು ಮಗ್ಗಲು ಬದಲಿಸಿದಾಗ ಕೊಳವೆ ಹರಿದಾಡಿದರೆ ನಸುಕಿನಲ್ಲಿ ಎದ್ದ ಬೆಕ್ಕು ಅದರ ಮೇಲೆ ಹಾರುವುದು ಸಹಜ.

ಹಲ್ಲು ನಾಟಿದ ಸಣ್ಣ ತೂತಿನಿಂದಲೂ ಗಾಳಿ ಸೋರುತ್ತದೆ. ಸೋರಿಕೆ ಹೆಚ್ಚಾದರೆ ಗಂಟಲಿಗೆ ಬೇಕಾದ ಒತ್ತಡ ಸಿಗದೆ ಗೊರಕೆ ಮರಳುತ್ತದೆ. ಯಂತ್ರ ನಡೆಯುವಾಗ ಮಾಸ್ಕ್‌ನ ತುದಿಯನ್ನು ಅಂಗೈಯಿಂದ ಮುಚ್ಚಿ, ಒದ್ದೆ ಬೆರಳನ್ನು ಕೊಳವೆಯುದ್ದಕ್ಕೂ ಆಡಿಸಿ. ಗಾಳಿ ಬರುವ ಜಾಗ ತಣ್ಣಗೆ ತಾಗುತ್ತದೆ. ಕೊಳವೆಗೆ ಬಟ್ಟೆಯ ಹೊದಿಕೆ ಹಾಕಿ ತಲೆದಿಂಬಿನ ಮೇಲಿನಿಂದ ಹಾಯಿಸಿದರೆ ಆಟಕ್ಕೆ ಅವಕಾಶ ಕಡಿಮೆ. ಬೆಕ್ಕಿಗೆ ಬೇರೆಡೆ ಕಂಬಳಿ ಹಾಸಿಕೊಡುವುದು ಇನ್ನೂ ಒಳ್ಳೆಯ ಉಪಾಯ.

ಕೂದಲಿನದು ಬೇರೆ ಸಮಸ್ಯೆ. ಸಿಲಿಕೋನ್ ಅಂಚಿಗೂ ಕೆನ್ನೆಗೂ ನಡುವೆ ಕೂದಲು ಸಿಕ್ಕಿದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಬೆಳಗ್ಗೆ ಒರೆಸಿ, ಮುಚ್ಚಿಡಿ. ಉಸಿರು ಹೊರಹೋಗಲು ಮಾಸ್ಕ್‌ನಲ್ಲಿರುವ ಕಿರುರಂಧ್ರಗಳೂ ಕಟ್ಟಬಾರದು. ಯಂತ್ರವನ್ನು ನೆಲದಲ್ಲಿಡದೆ ಮೇಜಿನ ಮೇಲಿಡಿ, ಫಿಲ್ಟರನ್ನು ವಾರಕ್ಕೊಮ್ಮೆ ನೋಡಿ. ಬೆಕ್ಕು ಸಾಕಿದ ಮನೆಯಲ್ಲಿ ಅದು ಬೇಗ ಬೂದು ಬಣ್ಣಕ್ಕೆ ತಿರುಗುತ್ತದೆ.

ಅಲರ್ಜಿ ತರುವುದು ಕೂದಲಲ್ಲ, ಅದಕ್ಕೆ ಅಂಟಿದ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್. ಮೂಗು ಕಟ್ಟಿದವರಿಗೆ ಮೂಗಿನ ಮಾಸ್ಕ್ ಒಗ್ಗದು. ಸೀನು, ಮೂಗು ಕಟ್ಟುವುದು ದಿನನಿತ್ಯದ ಪಾಡಾಗಿದ್ದರೆ ಬೆಕ್ಕನ್ನು ಮಲಗುವ ಕೋಣೆಯಿಂದ ಹೊರಗಿಡಿ, ವೈದ್ಯರಿಗೂ ತಿಳಿಸಿ. ಬೆಕ್ಕಿನ ನೆಪದಲ್ಲಿ ಯಂತ್ರವನ್ನು ಮಾತ್ರ ಮೂಲೆಗೆ ಸೇರಿಸಬೇಡಿ: ಚಿಕಿತ್ಸೆಯಿಲ್ಲದ ಆಪ್ನಿಯಾ ರಕ್ತದೊತ್ತಡಕ್ಕೂ ಹೃದಯದ ತೊಂದರೆಗೂ ದಾರಿ ಮಾಡುತ್ತದೆ.