ಹಾರಿಹೋದ ಒಣ ಎಲೆ

ಮಕ್ಕಳೇ, ಯುಗಾದಿಗೆ ಮುಂಚೆ ಮರಗಳು ಎಲೆ ಉದುರಿಸುವ ಕಾಲ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತದೆ. ಹೋದ ವರ್ಷ ಅಂಥ ದಿನಗಳಲ್ಲೇ ನಾನು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಹತ್ತಿರ ಇರುವ ನಮ್ಮತ್ತೆಯ ಊರಿಗೆ ಹೋಗಿದ್ದೆ. ಅಲ್ಲಿಂದಾಚೆ ರಸ್ತೆ ಕಾಡಿನೊಳಗೆ ಇಳಿದು ಹೊಗೆನಕಲ್ಲಿಗೆ ಹೋಗುತ್ತದೆ. ಅತ್ತೆ ಹೊಂಗೆಮರದಡಿ ಎಲೆಯ ಗುಡ್ಡೆ ಹಾಕಿ, ಬೆಂಕಿಪೊಟ್ಟಣ ತರಲು ಒಳಗೆ ಹೋದರು. ನಾನು ಪೊರಕೆಯಿಂದ ಗುಡ್ಡೆಯ ಅಂಚು ಸರಿಸಿದೆ. ಒಂದು ಎಲೆ ಎದ್ದು, ನಾಲ್ಕು ಮಾರು ದೂರ ಹಾರಿ, ಮತ್ತೆ ಎಲೆಗಳ ನಡುವೆ ಬಿತ್ತು. ಗಾಳಿಯೇ ಇರಲಿಲ್ಲ!

"ಅತ್ತೆ, ತಡೀರಿ, ಬೆಂಕಿ ಹಚ್ಚಬೇಡಿ" ಎಂದೆ.

"ಯಾಕಪ್ಪಾ, ಹಾವೇನಾದ್ರೂ ಐತಾ?" ಎಂದು ಅವರು ಬಾಗಿಲಲ್ಲೇ ನಿಂತರು.

ಹಾವಲ್ಲ, ಚಿಟ್ಟೆ. ಇಂಗ್ಲಿಷಿನಲ್ಲಿ ಕಾಮನ್ ಈವ್ನಿಂಗ್ ಬ್ರೌನ್ ಎನ್ನುತ್ತಾರೆ. ನಾವು ಸಂಜೆಗಂದು ಚಿಟ್ಟೆ ಎನ್ನೋಣ. ವೈಜ್ಞಾನಿಕ ಹೆಸರು ಮೆಲನೈಟಿಸ್ ಲೀಡಾ. 1758ರಲ್ಲಿ ಲಿನೇಯಸ್ ಇದನ್ನು ಹೆಸರಿಸಿದ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಇದು ಸಿಗುತ್ತದೆ. ಹಗಲೆಲ್ಲ ತರಗೆಲೆಯಲ್ಲಿ ಕೂತಿದ್ದು ಮುಸ್ಸಂಜೆಯಲ್ಲಿ ಹಾರಾಡುತ್ತದೆ. ಹೂವಿಗಿಂತ ಕೊಳೆತ ಹಣ್ಣೇ ಇದಕ್ಕೆ ಇಷ್ಟ.

ಫೋಟೋ ತೆಗೆಯೋಣ ಎಂದು ಮೊಬೈಲ್ ಹಿಡಿದರೆ ಚಿಟ್ಟೆ ಎಲ್ಲಿದೆ ಎಂಬುದೇ ತಿಳಿಯದು. ನನ್ನ ಮೊದಲ ಒಂಬತ್ತು ಫೋಟೋಗಳಲ್ಲಿ ಇರುವುದು ಬರೀ ಎಲೆ! ಆಮೇಲೆ ಬುದ್ಧಿ ಬಂತು. ಅದು ಇಳಿಯುವ ಜಾಗದ ಮೇಲೆ ಕಣ್ಣಿಟ್ಟು, ಕಣ್ಣು ತೆಗೆಯದೆ, ಕೂತುಕೊಂಡೇ ಅಂಗುಲ ಅಂಗುಲವಾಗಿ ಹತ್ತಿರ ಸರಿದೆ. ನಮ್ಮ ನೆರಳು ಅದರ ಮೇಲೆ ಬೀಳಬಾರದು, ಬಿದ್ದರೆ ಎದ್ದುಬಿಡುತ್ತದೆ. ಮೊಬೈಲನ್ನು ನೆಲಕ್ಕೆ ತಾಗಿಸಿ, ಮಡಚಿದ ರೆಕ್ಕೆಗೆ ಸಮವಾಗಿ ಹಿಡಿಯಬೇಕು. ಮೇಲಿನಿಂದ ತೆಗೆದರೆ ಒಂದು ಗೆರೆ ಮಾತ್ರ ಕಾಣುತ್ತದೆ. ಫ್ಲಾಶ್ ಬೇಡ.

ಕೊನೆಗೆ ಸಿಕ್ಕ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮುಂದಿನ ರೆಕ್ಕೆಯ ತುದಿ ಎಲೆಯ ಮೊನೆಯಂತೆ ಕೊಕ್ಕೆಯಾಗಿ ಬಾಗಿದೆ. ಎಲೆಯ ನಡುನರದಂಥ ಗೆರೆ, ಕೊಳೆತ ಕಡೆ ಬೀಳುವಂಥ ಮಚ್ಚೆ, ಎಲ್ಲಾ ಇದೆ. ಪಕ್ಕದಲ್ಲೇ ಇನ್ನೊಂದು ಸಿಕ್ಕಿತು, ಅದರ ಮಚ್ಚೆಗಳೇ ಬೇರೆ. ಈ ಕಾಲದ ಸಂಜೆಗಂದುಗಳು ಒಂದರಂತೆ ಇನ್ನೊಂದು ಇರುವುದು ಅಪರೂಪ. ಒಂದೇ ಅಚ್ಚಿನಲ್ಲಿ ಬಂದಿದ್ದರೆ ಹಕ್ಕಿ ಒಂದನ್ನು ತಿಂದು ರುಚಿ ಕಂಡು, ಆ ಗುರುತಿನ ಮೇಲೆ ಉಳಿದವನ್ನೂ ಹುಡುಕಿ ತಿಂದುಬಿಡುತ್ತಿತ್ತು.

ಸ್ವಾರಸ್ಯ ಇರುವುದು ಮುಂದೆ. ಇದೇ ಚಿಟ್ಟೆ ಮಳೆಗಾಲದಲ್ಲಿ ಈ ಅಂಗಿಯಲ್ಲಿ ಇರುವುದಿಲ್ಲ. ಆಗ ರೆಕ್ಕೆಯ ಹೊರಮೈ ಅಂಚಿನಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು ಇರುತ್ತವೆ. ಹಸಿರು ಹುಲ್ಲಿನ ನಡುವೆ ಓಡಾಡುವಾಗ ಒಣ ಎಲೆಯ ವೇಷ ಉಪಯೋಗಕ್ಕೆ ಬಾರದು. ಹಕ್ಕಿ ಕುಕ್ಕಿದರೆ ಆ ಸುಳ್ಳು ಕಣ್ಣಿಗೆ ಕುಕ್ಕಲಿ, ರೆಕ್ಕೆಯ ಅಂಚು ಹರಿದರೂ ಜೀವ ಉಳಿಯಲಿ ಎಂಬ ಲೆಕ್ಕ.

ಅಂಗಿ ಆರಿಸುವವರು ಯಾರು? ಚಿಟ್ಟೆ ತಾನೇ ಬಣ್ಣ ಬದಲಿಸುವುದಿಲ್ಲ. ಒಮ್ಮೆ ಕೋಶ ಒಡೆದು ಬಂದಮೇಲೆ ಅದೇ ಅಂಗಿ ಕೊನೆತನಕ. ತೀರ್ಮಾನ ಆಗುವುದು ಅದಕ್ಕೂ ಮುಂಚೆ, ಕಂಬಳಿಹುಳುವಾಗಿ ಹುಲ್ಲು ಮೇಯುವಾಗಲೇ. ವಿಜ್ಞಾನಿಗಳು ಈ ಹುಳುಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಸಾಕಿ ನೋಡಿದ್ದಾರೆ. ಬೆಚ್ಚಗೆ ಬೆಳೆದ ಹುಳು ಕಣ್ಣುಚುಕ್ಕೆಯ ಚಿಟ್ಟೆಯಾಗುತ್ತದೆ, ತಂಪಿನಲ್ಲಿ ಬೆಳೆದದ್ದು ಒಣ ಎಲೆಯಾಗುತ್ತದೆ. ಮಳೆ ಮುಗಿದು ಚಳಿ ಬಂತೆಂದರೆ ಮುಂದೆ ಒಣಗಾಲ ಎಂದೇ ಅರ್ಥ ತಾನೆ? ಹುಳುವಿಗೆ ಪಂಚಾಂಗ ಬೇಕಿಲ್ಲ.

ಹೆಣ್ಣು ಚಿಟ್ಟೆ ಹುಲ್ಲಿನ ಗರಿಯ ಕೆಳಗೆ ದುಂಡನೆಯ ಚಿಕ್ಕ ಮೊಟ್ಟೆಗಳನ್ನು ಇಡುತ್ತದೆ. ಹುಳು ಹಸಿರು, ತಲೆಯ ಮೇಲೆ ಎರಡು ಕೊಂಬು. ಭತ್ತ, ಜೋಳ, ಕಬ್ಬಿನ ಗರಿಯೂ ಅದಕ್ಕೆ ಆಹಾರವೇ. ಸೇಲಂ ಜಿಲ್ಲೆಯ ಮೆಟ್ಟೂರು ಕಡೆ ಭತ್ತದ ಗದ್ದೆಯ ಬದುವಿನಲ್ಲಿ ಕೂತು ಹುಡುಕಿದರೆ ಸಿಕ್ಕೀತು. ಕೊನೆಗೆ ಅದು ಬಾಲದ ತುದಿಯಿಂದ ತಲೆಕೆಳಗಾಗಿ ನೇತುಬಿದ್ದು ನುಣುಪಾದ ಹಸಿರು ಕೋಶವಾಗುತ್ತದೆ. ಹವೆ ಬೆಚ್ಚಗಿದ್ದರೆ ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು.

ಈಗ ಅತ್ತೆಯ ಎಲೆಗುಡ್ಡೆಗೆ ಬರೋಣ. ಬೇಸಿಗೆಯಲ್ಲಿ ಎಳೆ ಹುಲ್ಲೇ ಇಲ್ಲ. ಮೊಟ್ಟೆ ಇಟ್ಟರೆ ಮರಿಗಳು ತಿನ್ನುವುದೇನನ್ನು? ಅದಕ್ಕೇ ಒಣ ಅಂಗಿಯ ಹೆಣ್ಣುಗಳು ಮೊಟ್ಟೆ ಇಡುವುದನ್ನು ಮುಂದಕ್ಕೆ ಹಾಕಿ, ತಿಂಗಳುಗಟ್ಟಲೆ ತರಗೆಲೆಯಲ್ಲಿ ಅಲುಗಾಡದೆ ಮಳೆಗೆ ಕಾಯುತ್ತವೆ. ಮುಂದಿನ ವರ್ಷದ ಸಂತತಿ ಎಲ್ಲಾ ಅವುಗಳ ಹೊಟ್ಟೆಯಲ್ಲಿ ಬರಬೇಕು. ಕಡ್ಡಿ ಗೀರಿದರೆ, ಅಲುಗಾಡದೆ ಇರುವ ಅದೇ ಜಾಣತನ ಅವಕ್ಕೆ ಮುಳುವಾಗುತ್ತದೆ. ನಾನೂ ನಮ್ಮ ಶಾಲೆಯ ಅಂಗಳದಲ್ಲಿ ಎಷ್ಟೋ ವರ್ಷ ಮಕ್ಕಳ ಕೈಯಲ್ಲೇ ಗುಡ್ಡೆ ಹಾಕಿಸಿ ಸುಡಿಸಿದ್ದೇನೆ. ಆಗ ಗೊತ್ತಿರಲಿಲ್ಲ.

ಅತ್ತೆ ಫೋಟೋ ನೋಡಿ, "ಇಷ್ಟು ದಿನ ಎಷ್ಟು ಸುಟ್ಟೆನೋ" ಎಂದು ಸುಮ್ಮನಾದರು. ಎಲೆಗಳನ್ನು ಇಬ್ಬರೂ ಮೆಲ್ಲಗೆ ಮಕ್ಕರಿಗೆ ತುಂಬಿ ಬಾಳೆಗಿಡದ ಬುಡಕ್ಕೆ ಹಾಕಿದೆವು.

ಮಳೆ ಹಿಡಿದಮೇಲೆ ಒಂದು ಸಂಜೆ ಅವರೇ ಫೋನ್ ಮಾಡಿದರು. ಹಿತ್ತಲ ದೀಪದ ಹತ್ತಿರ ನಿನ್ನ ಎಲೆಚಿಟ್ಟೆ ಬಂದು ಕೂತೈತೆ, ಆದರೆ ರೆಕ್ಕೆ ತುಂಬಾ ಕಣ್ಣು ಎಂದರು. ಎಷ್ಟು ಕಣ್ಣು ಎಣಿಸಿ ಎಂದೆ. ಆರು ಎಣಿಸುವಷ್ಟರಲ್ಲಿ ಹಾರಿಹೋಯಿತಂತೆ.