ಕಣ್ಣಿಗೆ ಬೂದು, ಕ್ಯಾಮರಾಕ್ಕೆ ಹಸಿರು

"ಇದು ನೀವು ಕಣ್ಣಲ್ಲಿ ಕಂಡದ್ದಾ, ಮೊಬೈಲಲ್ಲಿ ಮಾಡಿದ್ದಾ?"

ನಾರ್ವೆಯಿಂದ ಕಳಿಸಿದ ಫೋಟೋ ನೋಡಿ ನಮ್ಮ ಉಮ್ಮ ವಾಯ್ಸ್ ಮೆಸೇಜಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಫ್ಯಾಮಿಲಿ ಗ್ರೂಪಿನಲ್ಲಿ ಅಷ್ಟರಲ್ಲೇ 'ಎಡಿಟ್ ಮಾಡಿದ್ದು' ಅಂತ ಒಬ್ಬರು, 'ಕಿಯಾಮತ್‌ನ ಲಕ್ಷಣ ಇರಬಹುದು' ಅಂತ ಇನ್ನೊಬ್ಬರು ಬರೆದಾಗಿತ್ತು. ಕಾರಿನಲ್ಲಿ ಮುದುಡಿ ಕೂತಿದ್ದ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಉಮ್ಮನಿಗೆ 'ಕಂಡದ್ದೇ' ಎಂದರೆ ಪೂರ್ತಿ ನಿಜವಲ್ಲ, 'ಮಾಡಿದ್ದು' ಎಂದರೆ ಸುಳ್ಳು.

ಗಲ್ಫ್‌ನಲ್ಲಿ ದುಡಿಯುವ ಅಣ್ಣ ತಮ್ಮ ಇಬ್ಬರು, ತಂಗಿಯ ಗಂಡ, ಮಾಮನ ಮಗ. ಇಷ್ಟು ಜನ ರಜೆ ಹೊಂದಿಸಿಕೊಂಡು ಫೆಬ್ರವರಿಯಲ್ಲಿ ಟ್ರೊಮ್ಸೊ ಪಟ್ಟಣಕ್ಕೆ ಹೋದದ್ದು ಆಕಾಶದ ಬೆಳಕು ನೋಡಲಿಕ್ಕೆಂದೇ. ಮಂಗಳೂರು 13 ಡಿಗ್ರಿ ಅಕ್ಷಾಂಶದ ಹತ್ತಿರ ಇದ್ದರೆ ಈ ಊರು ಇರುವುದು ಸುಮಾರು 69.6ರಲ್ಲಿ. ಆರ್ಕ್ಟಿಕ್ ವೃತ್ತವನ್ನೂ ದಾಟಿ ಮೇಲೆ. ಊಟಕ್ಕೆ ಏನು ಮಾಡುವುದೆಂಬ ಚಿಂತೆ ಇತ್ತು. ಅಲ್ಲಿ ಕಾಡ್ ಮೀನು ಧಾರಾಳ ಸಿಗುತ್ತದೆ, ಮೀನು ಇದ್ದರೆ ನಮ್ಮವರಿಗೆ ಮತ್ತೇನು ಬೇಕು.

ಮೊದಲ ಎರಡು ರಾತ್ರಿ ಮೋಡ. ಆ್ಯಪ್ ತೆರೆದರೆ 'ಕೆಪಿ' ಅಂಕಿ ಚೆನ್ನಾಗಿದೆ ಅನ್ನುತ್ತಿತ್ತು, ತಲೆ ಎತ್ತಿದರೆ ಹಿಮ ಬೀಳುತ್ತಿತ್ತು. ಆಮೇಲೆ ಅರ್ಥವಾಯಿತು, ಅಷ್ಟು ಉತ್ತರದಲ್ಲಿ ಕೆಪಿ ಎರಡು ಇದ್ದರೂ ಸಾಕು, ನೋಡಬೇಕಾದದ್ದು ಮೋಡದ ನಕ್ಷೆ. ಮೂರನೇ ರಾತ್ರಿ ಬಾಡಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆ ಒಳನಾಡಿಗೆ, ಸ್ಕಿಬೊಟ್ನ್ ಕಡೆ ಹೋದೆವು. ಸಮುದ್ರದ ಮೋಡವನ್ನು ಬೆಟ್ಟಗಳು ತಡೆಯುವುದರಿಂದ ಅಲ್ಲಿ ಆಕಾಶ ಹೆಚ್ಚಾಗಿ ತೆರೆದಿರುತ್ತದೆ.

ಇಶಾ ನಮಾಝ್ ಮುಗಿಸಿ ಕಾಯುತ್ತಿದ್ದಾಗ ಬೆಟ್ಟದ ಮೇಲೆ ಬೂದು ಬಣ್ಣದ ಕಮಾನೊಂದು ಎದ್ದಿತು. ಮೋಡವೆಂದೇ ಅಂದುಕೊಂಡೆವು. ಮಾಮನ ಮಗ ಸುಮ್ಮನೆ ಮೊಬೈಲ್ ಎತ್ತಿ ಕ್ಲಿಕ್ಕಿಸಿದ. ತೆರೆಯ ಮೇಲೆ ಪಚ್ಚೆ ಹಸಿರು! ಮತ್ತೆ ಆಕಾಶ ನೋಡಿದರೆ ಅದೇ ಬೂದು.

ಇದರಲ್ಲಿ ಮಾಯೆ ಇಲ್ಲ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಕ್ಯಾಮರಾ ಐದು, ಹತ್ತು ಸೆಕೆಂಡ್ ಬಾಗಿಲು ತೆರೆದಿಟ್ಟು ಬೆಳಕನ್ನು ಒಟ್ಟು ಮಾಡುತ್ತದೆ. ಬಣ್ಣ ಅಲ್ಲಿ ನಿಜಕ್ಕೂ ಇರುತ್ತದೆ. ಸೂರ್ಯನಿಂದ ಹೊರಟ ಕಣಗಳ ಗಾಳಿ ಎರಡು ಮೂರು ದಿನದಲ್ಲಿ ಭೂಮಿಗೆ ತಲುಪುತ್ತದೆ. ಅದರ ಬಲದಿಂದ ಭೂಮಿಯ ಕಾಂತಕ್ಷೇತ್ರದೊಳಗಿನ ಎಲೆಕ್ಟ್ರಾನುಗಳು ಧ್ರುವದ ಕಡೆ ಇಳಿದು ಗಾಳಿಗೆ ಬಡಿಯುತ್ತವೆ. ನೂರು ಕಿಲೋಮೀಟರ್‌ಗಿಂತ ಮೇಲಿನ ಆಮ್ಲಜನಕ ಹಸಿರು ಬೀರಿದರೆ, ಇನ್ನೂ ಎತ್ತರದ್ದು ಕೆಂಪು.

ಆ ಎತ್ತರ ಅಳೆದದ್ದೂ ಫೋಟೋದಿಂದಲೇ. ಈ ಬೆಳಕಿನ ಮೊದಲ ಫೋಟೋ ನಾರ್ವೆಯ ಅಲ್ಟಾದಲ್ಲಿ 1892ರಲ್ಲಿ ಬಂತು. 1910ರಲ್ಲಿ ಕಾರ್ಲ್ ಸ್ಟ್ಯೋರ್ಮರ್ ಎಂಬ ಗಣಿತಜ್ಞ ಅಲ್ಲೇ ದೂರ ದೂರ ಎರಡು ಕಡೆ ಕ್ಯಾಮರಾ ಇಟ್ಟು, ಟೆಲಿಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ಕ್ಲಿಕ್ ಮಾಡಿಸಿ, ಎರಡು ಚಿತ್ರಗಳ ವ್ಯತ್ಯಾಸದಿಂದ ಲೆಕ್ಕ ಹಾಕಿದ.

ಕ್ಯಾಮರಾ ಇಲ್ಲದವರು ಏನು ಕಂಡರು? ಬಗ್ದಾದಿನ ಖಲೀಫರ ದೂತನಾಗಿ ಇಬ್ನ್ ಫದ್ಲಾನ್ 922ರಲ್ಲಿ ವೋಲ್ಗಾ ನದಿಯ ಬಲ್ಗಾರರ ನಾಡಿಗೆ ಹೋಗಿದ್ದ. ಒಂದು ಸಂಜೆ ಆಕಾಶದಲ್ಲಿ ಬೆಂಕಿಯಂಥ ಕೆಂಪು ಮೋಡ, ಅದರೊಳಗೆ ಕುದುರೆ, ಈಟಿ, ಖಡ್ಗ ಹಿಡಿದ ಎರಡು ಸೈನ್ಯ ಕಂಡಂತಾಗಿ ಅವನೂ ಜೊತೆಯವರೂ ಹೆದರಿ ದುಆಕ್ಕೆ ನಿಂತರು. ಊರಿನವರು ನಕ್ಕರಂತೆ. ಮುಅ್ಮಿನ್ ಜಿನ್ನ್‌ಗಳೂ ಕಾಫಿರ್ ಜಿನ್ನ್‌ಗಳೂ ದಿನಾ ಸಂಜೆ ಕಾದಾಡುತ್ತವೆ ಎಂದು ಹಿರಿಯರು ಹೇಳುತ್ತಿದ್ದರು ಅಂತ ಅಲ್ಲಿನ ಅರಸ ತಿಳಿಸಿದನಂತೆ. ಅವನು ಕಂಡದ್ದು ಉತ್ತರದ ಬೆಳಕನ್ನೇ ಎಂಬುದು ವಿದ್ವಾಂಸರ ಅಭಿಪ್ರಾಯ. ನಮ್ಮ ಗ್ರೂಪಿನಲ್ಲಿ ಕಿಯಾಮತ್ ಎಂದವರನ್ನು ನಗುವ ಹಾಗಿಲ್ಲ ನೋಡಿ.

ನಮ್ಮದೇ ದೇಶದ ಕಥೆ ಇನ್ನೊಂದು. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಎದ್ದಾಗ ಲಡಾಖಿನ ಹಾನ್ಲೆಯಲ್ಲೂ ದಿಗಂತ ಕೆಂಪಾಯಿತು. ಅದನ್ನು ಹಿಡಿದದ್ದು ಬೆಂಗಳೂರಿನ ಕೋರಮಂಗಲದಲ್ಲಿ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆಯ ಕ್ಯಾಮರಾಗಳು.

ನಮ್ಮ ರಾತ್ರಿಗೆ ಬರೋಣ. ಹನ್ನೊಂದರ ಸುಮಾರಿಗೆ ಆ ಬೂದು ಕಮಾನು ಒಡೆದು, ಗಾಳಿಗೆ ಹಾಕಿದ ಪರದೆಯ ಹಾಗೆ ತಲೆಯ ಮೇಲೆಲ್ಲ ಓಡಾಡತೊಡಗಿತು. ಆಗ ಕಣ್ಣಿಗೂ ಹಸಿರು ಕಂಡಿತು, ಅಂಚಿನಲ್ಲಿ ಚೂರು ಗುಲಾಬಿ. ಹೆಚ್ಚೆಂದರೆ ನಾಲ್ಕು ನಿಮಿಷ. ತಂಗಿಯ ಗಂಡ ಆ ನಾಲ್ಕು ನಿಮಿಷವೂ ಟ್ರೈಪಾಡಿನ ಸ್ಕ್ರೂ ಜೊತೆ ಜಗಳದಲ್ಲಿದ್ದರು. ಚಳಿಗೆ ಬ್ಯಾಟರಿ ಸತ್ತಿತು. ಕಾರೊಳಗೆ ತಂದರೆ ಲೆನ್ಸ್ ಮೇಲೆ ಮಂಜು. ಹೊರಗೆ ಬರುವಾಗ ಎಲ್ಲ ಮುಗಿದಿತ್ತು. ಪಾಪ, ವಾಪಸ್ ಬರುವಾಗ ಅವರು ಮಾತೇ ಆಡಲಿಲ್ಲ.

ಅದಕ್ಕೇ ಹೋಗುವವರಿಗೆ ಒಂದೆರಡು ಮಾತು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ, ನಾಲ್ಕು ರಾತ್ರಿಯಾದರೂ ಇಟ್ಟುಕೊಳ್ಳಿ. ಟ್ರೈಪಾಡನ್ನು ಮನೆಯಲ್ಲೇ, ಗ್ಲೌಸ್ ಹಾಕಿ, ಲೈಟ್ ಆಫ್ ಮಾಡಿ ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಿ. ಫೋಕಸನ್ನು ಕೈಯಿಂದಲೇ ನಕ್ಷತ್ರಕ್ಕೆ ಹೊಂದಿಸಬೇಕು. ಐಎಸ್‌ಒ 1600ರಿಂದ 3200, ಬೆಳಕು ಮೆಲ್ಲ ಇದ್ದರೆ ಹತ್ತು ಸೆಕೆಂಡ್, ಕುಣಿಯುತ್ತಿದ್ದರೆ ಎರಡೇ ಸಾಕು. ಫ್ಲಾಶ್ ಬೇಡವೇ ಬೇಡ. ಹೆಚ್ಚುವರಿ ಬ್ಯಾಟರಿ ಅಂಗಿಯ ಒಳಕಿಸೆಯಲ್ಲಿರಲಿ. ಕ್ಯಾಮರಾವನ್ನು ಬೆಚ್ಚಗಿನ ಕಡೆ ಒಯ್ಯುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮತ್ತೆ, ಬೆಳಕು ಕುಣಿಯಲು ಶುರುವಾದರೆ ಕೈಯಲ್ಲಿರುವುದನ್ನು ಬಿಟ್ಟು ಮೇಲೆ ನೋಡಿ ಮಾರಾಯ್ರೆ.

ಉಮ್ಮನಿಗೆ ಆ ರಾತ್ರಿಯೇ ಉತ್ತರ ಕಳಿಸಿದೆವು. ಬಣ್ಣ ಇತ್ತು ಉಮ್ಮ, ಇಷ್ಟು ಇರಲಿಲ್ಲ. ಆದರೆ ಅದು ಓಡುತ್ತಿತ್ತು, ಫೋಟೋದಲ್ಲಿ ಅದು ಬಂದಿಲ್ಲ ಅಂತ. ಸ್ವಲ್ಪ ಹೊತ್ತಿಗೆ ಉಮ್ಮನ ಮೆಸೇಜ್: "ಹಾಗಾದರೆ ಕಣ್ಣಿಗೆ ಕಂಡಷ್ಟೇ ಇರುವ ಒಂದು ಫೋಟೋ ಕಳಿಸಿ."

ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ತಂಗಿಯ ಗಂಡನ ಕ್ಯಾಮರಾದಲ್ಲಿ. ಬ್ಯಾಟರಿ ಸಾಯುವ ಮುಂಚೆ ಸೆಟ್ಟಿಂಗ್ ತಪ್ಪಿ ತೆಗೆದದ್ದು. ಕಪ್ಪು ಬೆಟ್ಟ, ಮೇಲೆ ಹೊಗೆಯ ಹಾಗೆ ಒಂದು ಗೆರೆ, ಹಸಿರು ಇದೆಯೋ ಇಲ್ಲವೋ ಅನ್ನುವಷ್ಟು. ಮನೆಗೆ ಬಂದವರಿಗೆ ಉಮ್ಮ ಈಗ ತೋರಿಸುವುದು ಅದನ್ನೇ.