ಸ್ಕೀ ಕೊಳ್ಳೋ ಮುಂಚೆ ಮೂರು ಅಂಕಿ ನೋಡಿ

ಮ್ಯೂನಿಕ್‌ನಲ್ಲಿರೋ ನಮಗೆ ಚಳಿಗಾಲದ ವಾರಾಂತ್ಯ ಅಂದ್ರೆ ಪಕ್ಕದ ಆಸ್ಟ್ರಿಯಾದ ಟಿರೋಲ್ ಬೆಟ್ಟಗಳು. ರಾತ್ರಿ ಯಂತ್ರ ಓಡಿಸಿ ಹಿಮವನ್ನು ಸಮತಟ್ಟು ಮಾಡಿದ ಇಳಿಜಾರಿನಲ್ಲಿ, ಸ್ಕೀಯ ಅಂಚಿನ ಮೇಲೆ ವಾಲಿ ತಿರುಗೋದೇ ಕಾರ್ವಿಂಗ್. ಇದಕ್ಕೆ ಸ್ಕೀ ಆರಿಸುವಾಗ ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ನಾನು ಮೊದಲು ನೋಡೋದು ಮೂರು ಅಂಕಿ.

ಒಂದು, ನಡುಭಾಗದ ಅಗಲ. 65ರಿಂದ 75 ಮಿ.ಮೀ. ಇದ್ದರೆ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಚಕ್ಕನೆ ಹೊರಳುತ್ತೆ. 90 ದಾಟಿದ್ದು ಮೆತ್ತನೆಯ ಹೊಸ ಹಿಮಕ್ಕೆ ಚೆನ್ನ. ಗಟ್ಟಿ ಹಿಮದಲ್ಲಿ ಅದನ್ನು ವಾಲಿಸೋಕೆ ಕಾಲು ಜಾಸ್ತಿ ದುಡಿಯಬೇಕು.

ಎರಡು, ತಿರುವಿನ ತ್ರಿಜ್ಯ. ಸಾಮಾನ್ಯವಾಗಿ ಸ್ಕೀ ಮೇಲೇ ಬರೆದಿರುತ್ತೆ. 12ರಿಂದ 15 ಮೀಟರ್ ಇದ್ದರೆ ಸಾಧಾರಣ ವೇಗದಲ್ಲೂ ಚಿಕ್ಕ ತಿರುವು ಸಲೀಸು.

ಮೂರು, ಉದ್ದ. ನೆಟ್ಟಗೆ ನಿಲ್ಲಿಸಿದಾಗ ತುದಿ ನಿಮ್ಮ ಗಲ್ಲಕ್ಕೂ ಮೂಗಿಗೂ ನಡುವೆ ಬಂದರೆ ಸಾಕು.

ಮೊದಲು ಬಾಡಿಗೆಗೆ ಎರಡು ಜೋಡಿ ತಗೊಂಡು ಓಡಿಸಿ ನೋಡಿ. ಬೂಟು ಹಿಡಿಯೋ ಬೈಂಡಿಂಗ್ ಮಾತ್ರ ನೀವೇ ತಿರುಗಿಸಬೇಡಿ. ತೂಕ, ಎತ್ತರ, ವಯಸ್ಸು ಹೇಳಿ ಅಂಗಡಿಯ ತಂತ್ರಜ್ಞರ ಕೈಲೇ ಹೊಂದಿಸಿಕೊಳ್ಳಿ. ಅಲ್ಲಿ ನಿಮ್ಮ ಅನುಭವವನ್ನು ಹೆಚ್ಚಿಸಿ ಹೇಳ್ಬೇಡಿ. ಬಿದ್ದಾಗ ಸ್ಕೀ ಸಮಯಕ್ಕೆ ಸರಿಯಾಗಿ ಕಳಚಿಕೊಳ್ಳದಿದ್ದರೆ ಪೆಟ್ಟು ಬೀಳೋದು ನಿಮ್ಮ ಕಾಲಿಗೇ!